ಮಳೆಗೆ ಕಿವಿ ಇಲ್ಲ, ಮಂಡಿಗೆ ಇದೆ

ಓದುಗರ ಪ್ರಶ್ನೆ:

"ಮೇಡಂ, ನಮ್ಮದು ಮುಳಬಾಗಿಲು ತಾಲ್ಲೂಕು. ನಾಲ್ಕು ಎಕರೆ ಇದೆ. ಬೋರ್‌ವೆಲ್ ಎರಡಿದ್ದರೂ ನೀರು ಬರೋದು ಒಂದರಲ್ಲಿ. ಬಿ.ಎಸ್ಸಿ. ಮುಗಿಸಿ ಮೂರು ವರ್ಷದಿಂದ ಅಪ್ಪನ ಜೊತೆ ಟೊಮೆಟೊ ಬೆಳೀತಿದ್ದೀನಿ. ಹೋದ ತಿಂಗಳು ಇಬ್ಬರು ಹುಡುಗರು ಬಂದು ಹಾಲಿನ ಡೇರಿ ಹತ್ತಿರ ಮೀಟಿಂಗ್ ಮಾಡಿದರು. ಅವರ ಕಂಪನಿ ಸೂಪರ್‌ಕಂಪ್ಯೂಟರ್ ಒಳಗೆ ಇಡೀ ಕೋಲಾರ ಜಿಲ್ಲೆಯನ್ನೇ ಕಟ್ಟಿದೆಯಂತೆ. ಪ್ರತಿಯೊಬ್ಬ ರೈತ, ಪ್ರತಿಯೊಬ್ಬ ವ್ಯಾಪಾರಿ ಅದರಲ್ಲಿ ಇದ್ದಾನಂತೆ. ಯಾರು ಏನು ನಾಟಿ ಮಾಡ್ತಾರೆ, ಮೂರು ತಿಂಗಳಾದ ಮೇಲೆ ಬಾಕ್ಸ್ ರೇಟ್ ಎಷ್ಟು, ಎಲ್ಲಾ ಮೊದಲೇ ಗೊತ್ತಾಗುತ್ತಂತೆ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಯಾರು ಗೆಲ್ತಾರೆ ಅಂತಲೂ ಹೇಳ್ತೀವಿ ಅಂದರು. ಒಂದು ಸೀಸನ್ನಿಗೆ ಆರು ಸಾವಿರ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಬೇಕಂತೆ. ಆಪ್ ಹಾಕ್ಕೊಂಡು ಅದು ಕೇಳಿದ್ದಕ್ಕೆಲ್ಲ 'ಅಲೋ' ಒತ್ತಬೇಕಂತೆ. ಅಪ್ಪ ನಗ್ತಾರೆ. ಅವರು 2009ರಿಂದ ಮಂಡಿ ಚೀಟಿಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಾರೆ, ಅದೇ ನನ್ನ ಕಂಪ್ಯೂಟರ್ ಅಂತಾರೆ. ಇದು ನಿಜಕ್ಕೂ ಆಗೋ ಮಾತಾ? ದುಡ್ಡು ಕಟ್ಟಬಹುದಾ? ಕಾಗದಗಳನ್ನು ಕೊಡಬಹುದಾ? ಇನ್ನೊಂದು, ನಾವು ಏನು ಮಾಡ್ತೀವಿ ಅಂತ ಮಿಷನ್ನಿಗೆ ಮೊದಲೇ ಗೊತ್ತಿದ್ದರೆ ನಾವು ಯೋಚನೆ ಮಾಡಿ ಏನು ಪ್ರಯೋಜನ ಅಂತ ರಾತ್ರಿ ಹೊತ್ತು ತಲೆ ಕೆಡುತ್ತೆ."

ಉತ್ತರ:

ಆ ಹುಡುಗರು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. 'ನಂಬಬೇಡಿ' ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಅದರಲ್ಲಿ ಅರ್ಧ ನಿಜ ಇದೆ. ನಾನು ಬಂಗಾರಪೇಟೆಯವಳು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಮಾಡುತ್ತಿರುವುದು ಇದೇ ಕೆಲಸ, ಅಂದರೆ ಕಂಪ್ಯೂಟರಿನ ಒಳಗೆ ಊರು ಕಟ್ಟೋದು. ಬಸ್ಸು ಎಲ್ಲಿ ತುಂಬುತ್ತದೆ, ಕಾಯಿಲೆ ಯಾವ ಕಡೆ ಹಬ್ಬುತ್ತದೆ ಅಂತ ನೋಡೋಕೆ. ಹಾಗಾಗಿ 'ಜಿಲ್ಲೆಯನ್ನೇ ಕಟ್ಟಿದ್ದೀವಿ' ಅನ್ನೋ ಮಾತು ಕೇಳಿದ ಕೂಡಲೇ ನನಗೆ ನಗು ಬರಲಿಲ್ಲ. ಹೇಗೆ ಕಟ್ಟಿದ್ದಾರೆ ಅಂತ ಕೇಳಬೇಕು ಅನ್ನಿಸಿತು.

ನಾವು ಕಟ್ಟೋದು ಹೀಗೆ. ಜನಗಣತಿಯಲ್ಲಿ ನಿಮ್ಮ ಹಳ್ಳಿಯಲ್ಲಿ ಇಷ್ಟು ಮನೆ, ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಜನ ಓದಿದವರು, ಇಷ್ಟು ಜನ ಬೇಸಾಯ ಮಾಡುವವರು, ಇಷ್ಟು ಕೂಲಿಯವರು ಅಂತ ಲೆಕ್ಕ ಸಿಗುತ್ತದೆ. ಹೆಸರು ಸಿಗಲ್ಲ. ಆ ಲೆಕ್ಕಕ್ಕೆ ಸರಿಹೋಗುವ ಹಾಗೆ ನಾವೇ ಗೊಂಬೆಗಳನ್ನು ಹುಟ್ಟಿಸುತ್ತೇವೆ. ಐವತ್ತೈದು ವರ್ಷದ ಗಂಡಸು, ನಾಲ್ಕು ಎಕರೆ, ಒಬ್ಬ ಮಗ. ನಲವತ್ತರ ಹೆಂಗಸು, ಎರಡು ಹಸು. ಹೀಗೆ ಲಕ್ಷಗಟ್ಟಲೆ. ಪ್ರತಿ ಗೊಂಬೆಗೂ ಒಂದಷ್ಟು ನಿಯಮ ಕೊಡುತ್ತೇವೆ: ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತದೆ, ಎಷ್ಟು ಜನರ ಜೊತೆ ಮಾತಾಡುತ್ತದೆ, ಹೋದ ಸಲ ರೇಟು ಬಿದ್ದಿದ್ದರೆ ಈ ಸಲ ಏನು ನಾಟಿ ಮಾಡುತ್ತದೆ. ಆಮೇಲೆ ಗಡಿಯಾರ ಓಡಿಸುತ್ತೇವೆ. ಒಂದು ದಿನ, ಒಂದು ತಿಂಗಳು, ಒಂದು ವರ್ಷ. ಒಂದೇ ಸಲ ಓಡಿಸಿ ಬಿಡಲ್ಲ, ಸಾವಿರ ಸಲ ಓಡಿಸಿ ಯಾವುದು ಜಾಸ್ತಿ ಸಲ ಆಗುತ್ತದೆ ಅಂತ ನೋಡುತ್ತೇವೆ. ಸೂಪರ್‌ಕಂಪ್ಯೂಟರ್ ಬೇಕಾಗೋದು ಈ ಸಾವಿರ ಸಲಕ್ಕೆ.

ಅಂದರೆ ನಿಮ್ಮ ಅಪ್ಪ ಅದರಲ್ಲಿ ಇಲ್ಲ. ಅವರ ವಯಸ್ಸಿನ, ಅವರಷ್ಟೇ ಜಮೀನಿನ ಯಾವುದೋ ಗೊಂಬೆ ಇದೆ. ಆ ಗೊಂಬೆ ಟ್ರಂಕಿನಲ್ಲಿ ಚೀಟಿ ಇಡಲ್ಲ.

ಇಂಥ ಆಟಕ್ಕೆ ದೊಡ್ಡ ಮಿಷನ್ನೇ ಬೇಕು ಅಂತೇನೂ ಇಲ್ಲ, ಮನೆಯಲ್ಲೇ ಮಾಡಿ ನೋಡಬಹುದು. ನೋಟ್‌ಬುಕ್ಕಿನ ಹಾಳೆ ಮೇಲೆ ಎಂಟಕ್ಕೆ ಎಂಟು ಮನೆ ಗೀಚಿ. ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯಗಳನ್ನು ಕಲಸಿ ಇಡಿ, ಹತ್ತು ಹನ್ನೆರಡು ಮನೆ ಖಾಲಿ ಬಿಡಿ. ನಿಯಮ ಒಂದೇ: ಸುತ್ತ ಇರುವವರಲ್ಲಿ ಮೂರರಲ್ಲಿ ಒಂದು ಪಾಲಾದರೂ ನನ್ನಂಥವರಿರಬೇಕು, ಇಲ್ಲದಿದ್ದರೆ ಖಾಲಿ ಮನೆಗೆ ಹೋಗುತ್ತೇನೆ. ಎತ್ತಿ ಎತ್ತಿ ಇಡುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಒಂದು ರೂಪಾಯಿಗಳದ್ದೇ ಗುಂಪು, ಎರಡು ರೂಪಾಯಿಗಳದ್ದೇ ಗುಂಪು ಅಂತ ಬೇರೆ ಬೇರೆ ಆಗಿರುತ್ತವೆ. ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ, ಆದರೂ ಊರು ಒಡೆಯಿತು. ಅಮೆರಿಕದ ಥಾಮಸ್ ಶೆಲ್ಲಿಂಗ್ 1971ರಲ್ಲಿ ತೋರಿಸಿದ ಲೆಕ್ಕ ಇದು. ಅವರಿಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಆಟ ನೋಡಿ 'ಓಹೋ, ನಮ್ಮ ಹಳ್ಳಿಗಳ ಕೇರಿಗಳೂ ಹೀಗೇ ಆಗಿದ್ದು' ಅಂದವರನ್ನು ನಾನು ನೋಡಿದ್ದೇನೆ. ಅಲ್ಲ. ನಮ್ಮ ಕೇರಿಗಳು ಸುಮ್ನೆ ಹಾಗೆ ಸರಿದು ಬೇರೆ ಆದವಲ್ಲ, 'ಇಲ್ಲಿಗೆ ಬರಬೇಡಿ' ಅಂತ ಹೇಳಿಯೇ ಬೇರೆ ಇಟ್ಟದ್ದು. ಹಾಳೆ ಮೇಲಿನ ಚಿತ್ರವೂ ಊರಿನ ಚಿತ್ರವೂ ಒಂದೇ ಥರ ಕಾಣುತ್ತದೆ, ಕಾರಣ ಮಾತ್ರ ಪೂರ್ತಿ ಬೇರೆ. ಈ ಕೆಲಸದಲ್ಲಿ ನಾವು ಜಾಸ್ತಿ ಸಲ ಮುಗ್ಗರಿಸೋದು ಇಲ್ಲೇ. ಉತ್ತರ ಸರಿ ಬಂತು ಅಂದಾಕ್ಷಣ ಒಳಗಿನ ನಿಯಮವೂ ಸರಿ ಅಂದುಕೊಂಡುಬಿಡುತ್ತೇವೆ.

ನಾನೂ ಮುಗ್ಗರಿಸಿದ್ದೇನೆ. ಹದಿನೈದು ವರ್ಷದ ಹಿಂದೆ, ಕೆಲಸ ಮಾಡುತ್ತಿದ್ದ ಕಡೆ, ಬೆಂಗಳೂರು ಸುತ್ತಲಿನ ಜಿಲ್ಲೆಗಳ ಜನ ಬೆಳಿಗ್ಗೆ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅಂತ ಮಾಡೆಲ್ ಕಟ್ಟಿದೆವು. ಗೊಂಬೆಗಳಿಗೆ ಕೊಟ್ಟ ನಿಯಮ: ಹತ್ತಿರದಲ್ಲಿ ಕೆಲಸ ಇದ್ದರೆ ಅಲ್ಲಿಗೇ ಹೋಗು. ನೋಡೋಕೆ ನ್ಯಾಯವಾಗೇ ಇದೆ, ಅಲ್ವಾ? ಓಡಿಸಿ ನೋಡಿದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲು ಬಹುತೇಕ ಖಾಲಿ. ಮೀಟಿಂಗಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಆಯಿತು. ಬಂಗಾರಪೇಟೆ ಪ್ಲಾಟ್‌ಫಾರಮ್ಮಿನಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು, ಬಾಗಿಲಿನಲ್ಲಿ ಒಂದು ಕಾಲಿಡೋಕೆ ಜಾಗ ಸಿಕ್ಕರೆ ಸಾಕು ಅಂತ ನಿಂತು ಬಂದವಳು ನಾನು. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಮನೆ ಮನೆಯಿಂದ ಜನ ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಕ್ವಾರ್ಟರ್ಸ್ ಬಿಟ್ಟು ಹೋಗೋಕೆ ಮನಸ್ಸಿಲ್ಲ, ಊರಲ್ಲಿ ಕೆಲಸ ಇಲ್ಲ. ಒಂದು ಗಣಿ ಮುಚ್ಚಿದ ಕಥೆ ನಮ್ಮ ಗೊಂಬೆಗಳಿಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ನಾವು ಹೇಳಿರಲಿಲ್ಲ. ಆಮೇಲೆ ತಿದ್ದಿದೆವು, ಸರಿ. ಆದರೆ ನಾನು ಆ ರೈಲಿನಲ್ಲಿ ಬಂದವಳಾಗಿರದಿದ್ದರೆ? ನಮ್ಮಲ್ಲಿ ಯಾರೂ ಓಡಾಡದ ಇನ್ನೆಷ್ಟು ರೈಲುಗಳು ಹಾಗೇ ಖಾಲಿ ಓಡಿದವೋ.

ಇನ್ನೊಂದು ತಮಾಷೆ ಕೇಳಿ. ಈ ಗೊಂಬೆ ಊರುಗಳ ಅಡಿಪಾಯ ಜನಗಣತಿ ಅಂದೆನಲ್ಲ, ನಮ್ಮ ದೇಶದಲ್ಲಿ ಮಾಡಿ ಮುಗಿಸಿದ ಕೊನೆಯ ಜನಗಣತಿ 2011ರದ್ದು. 2021ಕ್ಕೆ ಆಗಬೇಕಿದ್ದದ್ದು 2027ಕ್ಕೆ ಹೋಗಿದೆ. 'ಇಡೀ ಜಿಲ್ಲೆ ನಮ್ಮ ಒಳಗಿದೆ' ಅಂದವರನ್ನು ಯಾವ ವರ್ಷದ ಜಿಲ್ಲೆ ಅಂತ ಕೇಳಿ. 2011ರಲ್ಲಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು, ಬಂದಿರಲಿಲ್ಲ, ಅದು ಬಂದಿದ್ದು 2018ರಲ್ಲಿ. ನೀರು ಬಂದ ಮೇಲೆ ಯಾರ ಬೋರ್‌ವೆಲ್ ತುಂಬಿತು, ಯಾರು ರಾಗಿ ಬಿಟ್ಟು ಏನು ಹಾಕಿದರು ಅನ್ನೋದು ಹಳೇ ಲೆಕ್ಕದಲ್ಲಿ ಎಲ್ಲಿ ಸಿಗುತ್ತದೆ?

ಹಾಗಂತ ಇದೆಲ್ಲ ದಂಡ ಅಂತ ಹೇಳುತ್ತಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಬೆಂಗಳೂರಿನ ಐಐಎಸ್‌ಸಿ ಮತ್ತು ಮುಂಬೈನ ಟಿಐಎಫ್‌ಆರ್ ಅನ್ನೋ ವಿಜ್ಞಾನ ಸಂಸ್ಥೆಗಳವರು ಸೇರಿ ಬೆಂಗಳೂರು, ಮುಂಬೈ ಎರಡೂ ನಗರಗಳನ್ನು ಹೀಗೇ ಗೊಂಬೆಗಳಿಂದ ಕಟ್ಟಿದರು. ಶಾಲೆ ಮುಚ್ಚಿದರೆ ಏನಾಗುತ್ತದೆ, ಆಫೀಸಿಗೆ ಅರ್ಧ ಜನ ಬಂದರೆ ಏನಾಗುತ್ತದೆ, ಲೋಕಲ್ ರೈಲು ಬಿಟ್ಟರೆ ಏನಾಗುತ್ತದೆ ಅಂತ ಹೋಲಿಸಿ ನೋಡೋಕೆ ಅದು ಉಪಯೋಗಕ್ಕೆ ಬಂತು. ಅವರು ಕೇಳಿದ್ದು 'ಹೀಗೆ ಮಾಡಿದರೆ ಏನು, ಹಾಗೆ ಮಾಡಿದರೆ ಏನು' ಅಂತ. 'ಆಗಸ್ಟ್ 14ಕ್ಕೆ ಏನಾಗುತ್ತದೆ' ಅಂತ ಕೇಳೋದು ಬೇರೆಯೇ ಪ್ರಶ್ನೆ. ಹಾಗೆ ಕೇಳಿದವರ ಕಥೆಯೂ ಅದೇ ಕಾಲದ್ದೇ ಇದೆ. ಕೇಂದ್ರ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ 2020ರ ಅಕ್ಟೋಬರಿನಲ್ಲಿ, ಏರಿಕೆ ಮುಗಿದಿದೆ, ಎಲ್ಲರೂ ಎಚ್ಚರಿಕೆ ಪಾಲಿಸಿದರೆ ಫೆಬ್ರವರಿ ಹೊತ್ತಿಗೆ ಕಾಯಿಲೆ ಹತೋಟಿಗೆ ಬರುತ್ತದೆ ಅಂದಿತ್ತು. 2021ರ ಏಪ್ರಿಲ್, ಮೇ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅವರು ದಡ್ಡರಲ್ಲ. ವೈರಸ್ಸು ಬದಲಾಯಿತು, ಜನರೂ ಬದಲಾದರು. ಲೆಕ್ಕ ನಿಂತಿದ್ದು ಹಳೇ ವೈರಸ್ಸಿನ, ಹಳೇ ಜನರ ಮೇಲೆ.

ಈಗ ನಿಮ್ಮ ಟೊಮೆಟೊಗೆ ಬರೋಣ.

ಮೀಟಿಂಗಿನಲ್ಲಿ ಆ ಹುಡುಗರು 'ಹವಾಮಾನ ಹೇಳ್ತಾರಲ್ಲ, ಅದೇ ಥರ' ಅಂದಿರುತ್ತಾರೆ, ಬೇಕಾದರೆ ಬಾಜಿ ಕಟ್ಟುತ್ತೇನೆ. ಎಲ್ಲರೂ ಅದನ್ನೇ ಹೇಳೋದು. ಹವಾಮಾನ ಇಲಾಖೆಯ ಲೆಕ್ಕಕ್ಕೆ ನಿಜಕ್ಕೂ ಭಾರಿ ಮಿಷನ್ನುಗಳಿವೆ. ಪುಣೆಯಲ್ಲಿ 2024ರಲ್ಲಿ ಶುರುವಾದ 'ಅರ್ಕ' 11.77 ಪೆಟಾಫ್ಲಾಪ್‌ನದು. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ. ಅಂಥ ಮಿಷನ್ ಕೂಡ ಇಂಥ ದಿನ, ಇಂಥ ಊರಿಗೆ ಮಳೆ ಅಂತ ಎರಡು ವಾರದಿಂದ ಆಚೆಗೆ ನಂಬುವ ಹಾಗೆ ಹೇಳೋಕೆ ಆಗಲ್ಲ. ಅದು ಇರಲಿ. ನಾಳೆ ಮುಳಬಾಗಿಲಿಗೆ ಮಳೆ ಅಂತ ರೇಡಿಯೋದಲ್ಲಿ ಹೇಳಿದರೆ ಮೋಡ ಅದನ್ನು ಕೇಳಿಸಿಕೊಂಡು ಶ್ರೀನಿವಾಸಪುರದ ಕಡೆ ಹೋಗಿಬಿಡುತ್ತದಾ? ಇಲ್ಲ. ಮಳೆಗೆ ಕಿವಿ ಇಲ್ಲ. ಮಂಡಿಗೆ ಇದೆ.

2023ರ ಜುಲೈ ನೆನಪು ಮಾಡಿಕೊಳ್ಳಿ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ಆಗ ಎಲ್ಲರಿಗೂ ಬಂದ ಯೋಚನೆ ಒಂದೇ, ನಾವೂ ಹಾಕಬೇಕು. ಸಸಿ ಹಾಕಿ ಎರಡು, ಎರಡೂವರೆ ತಿಂಗಳಿಗೆ ಕೀಳೋಕೆ ಬರುತ್ತದೆ. ಎಲ್ಲರದ್ದೂ ಒಟ್ಟಿಗೇ ಬಂತು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಇದಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಲೆಕ್ಕ ಅಂತ ಹೆಸರಿದೆ, 1930ರ ದಶಕದಿಂದಲೂ ಗೊತ್ತಿರುವುದು. ಇವತ್ತಿನ ರೇಟು ನೋಡಿ ನಾಟಿ, ನಾಟಿ ನೋಡಿ ನಾಳಿನ ರೇಟು, ಮತ್ತೆ ಅದನ್ನು ನೋಡಿ ನಾಟಿ. ಕಾಗದದ ಮೇಲೆ ಗೆರೆ ಎಳೆದರೆ ಬಲೆಯ ಹಾಗೇ ಸುತ್ತುತ್ತದೆ.

ಇದರ ಮಧ್ಯೆ ನಿಮ್ಮ ಆಪ್ ಬಂದು 'ನವೆಂಬರಿನಲ್ಲಿ ಬಾಕ್ಸು 900' ಅಂತ ಹೇಳಿತು ಅಂತಿಟ್ಟುಕೊಳ್ಳಿ. ನಿಮ್ಮ ಒಬ್ಬರಿಗೇ ಹೇಳಿದ್ದರೆ ಪರವಾಗಿಲ್ಲ. ಐದು ಸಾವಿರ ಜನರಿಗೆ ಹೇಳಿದರೆ? ಅಷ್ಟೂ ಜನ ನಾಟಿ ಮಾಡುತ್ತಾರೆ, ನವೆಂಬರಿನಲ್ಲಿ 900 ಇರಲ್ಲ. ಹೇಳಿದ್ದರಿಂದಲೇ ಸುಳ್ಳಾಯಿತು. 'ಈ ಸಲ ಬೀಳುತ್ತದೆ' ಅಂತ ಹೇಳಿದರೂ ಅಷ್ಟೇ. ಎಲ್ಲರೂ ಬೀನ್ಸ್‌ಗೆ ಹೋದರೆ ಟೊಮೆಟೊ ಬಂಗಾರ ಆಗುತ್ತದೆ. 1994ರಲ್ಲಿ ಬ್ರಯನ್ ಆರ್ಥರ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನೇ ಒಂದು ಬಾರಿನ ಲೆಕ್ಕ ಮಾಡಿ ಹೇಳಿದ್ದರು. ನೂರು ಜನ ಇರುವ ಕಡೆ ಒಂದೇ ಬಾರು, ಅರವತ್ತಕ್ಕಿಂತ ಕಡಿಮೆ ಜನ ಬಂದರೆ ಚೆನ್ನಾಗಿರುತ್ತದೆ. ಇವತ್ತು ಖಾಲಿ ಇರುತ್ತದೆ ಅಂತ ಎಲ್ಲರೂ ನಂಬಿದರೆ ತುಂಬಿಹೋಗುತ್ತದೆ, ತುಂಬಿರುತ್ತದೆ ಅಂತ ಎಲ್ಲರೂ ನಂಬಿದರೆ ಖಾಲಿ ಹೊಡೆಯುತ್ತದೆ. ಎಲ್ಲರೂ ನಂಬಿ ಎಲ್ಲರಿಗೂ ನಿಜವಾಗುವ ಭವಿಷ್ಯ ಅಲ್ಲಿ ಇರೋಕೇ ಸಾಧ್ಯವಿಲ್ಲ. ಇದು ಮಿಷನ್ ಸಣ್ಣದು ಅನ್ನೋ ತೊಂದರೆ ಅಲ್ಲ. ಅರ್ಕದಂಥ ನೂರು ಮಿಷನ್ ತಂದರೂ ಹೋಗಲ್ಲ.

ಎಪಿಎಂಸಿಗೆ ಬೆಳಿಗ್ಗೆ ನೀವೂ ಹೋಗಿರುತ್ತೀರಿ. ಹರಾಜು ಕೂಗುವವನ ಸುತ್ತ ಗುಂಪು, ಬಾಕ್ಸಿನ ಮೇಲಿನ ಎರಡು ಹಣ್ಣು ತೆಗೆದು ಕೆಳಗಿನದ್ದನ್ನು ಒತ್ತಿ ನೋಡುವ ವ್ಯಾಪಾರಿ, ಅವನ ಕಿವಿಯಲ್ಲಿ ಫೋನು. ಆ ಫೋನಿನಲ್ಲಿ ವಡ್ಡಹಳ್ಳಿ, ಮದನಪಲ್ಲಿ, ಚಿಂತಾಮಣಿ, ನಾಸಿಕ್ ಕಡೆಯ ಸುದ್ದಿ. ಅಲ್ಲಿ ಮಾಲು ಜಾಸ್ತಿ ಬಂತು ಅಂತ ಕಿವಿಗೆ ಬಿದ್ದರೆ ಇಲ್ಲಿ ಕೂಗು ಅಷ್ಟಕ್ಕೇ ನಿಲ್ಲುತ್ತದೆ. ನಾನೊಂದು ಸಲ ಸುಮ್ನೆ ನಿಂತು ಬರೆದುಕೊಂಡಿದ್ದೆ. ಒಂದೇ ಮಂಡಿ, ಹೆಚ್ಚುಕಮ್ಮಿ ಒಂದೇ ಥರದ ಹಣ್ಣು, ಅರ್ಧ ಗಂಟೆಯಲ್ಲಿ ಬಾಕ್ಸಿಗೆ ಎಪ್ಪತ್ತು ರೂಪಾಯಿ ಇಳಿಯಿತು. ಯಾಕೆ ಅಂತ ಕೇಳಿದರೆ ಒಬ್ಬ 'ಲಾರಿ ಬರಲಿಲ್ಲ' ಅಂದ, ಇನ್ನೊಬ್ಬ 'ಲಾರಿ ಬಂತು' ಅಂದ. ಇಬ್ಬರೂ ಸರಿಯೇ, ಒಂದು ಒಯ್ಯುವ ಲಾರಿ, ಇನ್ನೊಂದು ತರುವ ಲಾರಿ. ಅರ್ಧ ಗಂಟೆಯದ್ದೇ ಈ ಗತಿಯಾದರೆ ಮೂರು ತಿಂಗಳ ಮುಂದಿನದ್ದನ್ನು ರೂಪಾಯಿ ಲೆಕ್ಕದಲ್ಲಿ ಹೇಳುತ್ತೇನೆ ಅನ್ನುವವರ ಧೈರ್ಯ ಮೆಚ್ಚಬೇಕು.

'ಡೇಟಾ ಜಾಸ್ತಿ ಆದರೆ ಸರಿಹೋಗುತ್ತದೆ' ಅನ್ನೋ ಮಾತೂ ಬಂದಿರುತ್ತದೆ. ಅದನ್ನು ಗಟ್ಟಿಯಾಗಿ ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದಲ್ಲಿ 4,242 ಕುಟುಂಬಗಳನ್ನು ಮಗು ಹುಟ್ಟಿದಾಗಿನಿಂದ ವರ್ಷಗಟ್ಟಲೆ ಬೆನ್ನು ಹತ್ತಿ ಒಂದೊಂದು ಕುಟುಂಬದ ಬಗ್ಗೆ ಸುಮಾರು 13,000 ಮಾಹಿತಿ ಸೇರಿಸಿದ್ದರು. ಮಗುವಿಗೆ ಹದಿನೈದು ಆದಾಗ ಅಂಕ ಎಷ್ಟು ಬರುತ್ತದೆ, ಮನೆಯವರು ಬಾಡಿಗೆ ಮನೆಯಿಂದ ಆಚೆ ಬೀಳುತ್ತಾರಾ, ಇಂಥ ಆರು ವಿಷಯ ಹೇಳಿ ಅಂತ 160 ತಂಡಗಳಿಗೆ ಸ್ಪರ್ಧೆ ಇಟ್ಟರು. 2020ರಲ್ಲಿ ಫಲಿತಾಂಶ ಬಂತು. ಎಲ್ಲರಿಗಿಂತ ಬುದ್ಧಿವಂತ ತಂಡದ ಲೆಕ್ಕ ಕೂಡ, ಬರೀ ನಾಲ್ಕು ಮಾಹಿತಿ ಇಟ್ಟುಕೊಂಡು ಮಾಡಿದ ಸಾದಾ ಲೆಕ್ಕಕ್ಕಿಂತ ಕೂದಲೆಳೆಯಷ್ಟು ಮಾತ್ರ ಮೇಲಿತ್ತು. ಹದಿಮೂರು ಸಾವಿರ ಎಲ್ಲಿ, ನಾಲ್ಕು ಎಲ್ಲಿ! ನನ್ನ ವೃತ್ತಿಯವರು ತಿಂಗಳಿಗೊಮ್ಮೆಯಾದರೂ ಇದನ್ನು ನೆನೆಸಿಕೊಳ್ಳಬೇಕು.

ಗೂಗಲ್ಲಿನದೂ ಇದೇ ಕಥೆ. ಜನ ಹುಡುಕುವ ಪದಗಳನ್ನು ನೋಡಿ ಫ್ಲೂ ಎಷ್ಟು ಹಬ್ಬಿದೆ ಅಂತ ಹೇಳುವುದನ್ನು 2008ರಲ್ಲಿ ಶುರು ಮಾಡಿದರು. ಮೊದಮೊದಲು ಎಲ್ಲರೂ ಬೆರಗಾದರು. 2013ರ ಹೊತ್ತಿಗೆ ಅದು ಹೇಳಿದ್ದು ಆಸ್ಪತ್ರೆಗಳ ಲೆಕ್ಕಕ್ಕಿಂತ ಎರಡರಷ್ಟು. 2015ರಲ್ಲಿ ನಿಲ್ಲಿಸಿದರು. ಯುರೋಪಿನಲ್ಲಂತೂ ಇಡೀ ಭೂಮಿಯ ಸಮಾಜವನ್ನೇ ಕಂಪ್ಯೂಟರಿನಲ್ಲಿ ಓಡಿಸುವ ಫ್ಯೂಚರ್‌ಐಸಿಟಿ ಅನ್ನೋ ಯೋಜನೆ ಇತ್ತು. ಜ್ಯೂರಿಕ್‌ನ ಡಿರ್ಕ್ ಹೆಲ್ಬಿಂಗ್ ಮುಂದಾಳು, ಹತ್ತು ವರ್ಷಕ್ಕೆ ನೂರು ಕೋಟಿ ಯುರೋ ಕೇಳಿದ್ದರು. 2013ರ ಜನವರಿಯಲ್ಲಿ ಆ ದುಡ್ಡು ಗ್ರಾಫೀನ್ ಅನ್ನೋ ಹೊಸ ವಸ್ತುವಿನ ಯೋಜನೆಗೂ ಮನುಷ್ಯನ ಮೆದುಳಿನ ಯೋಜನೆಗೂ ಹೋಯಿತು. ಅಷ್ಟು ದೊಡ್ಡವರು ಕನಸು ಕಂಡು ಮುಗಿಸಲಾಗದ ಕೆಲಸವನ್ನು ನಿಮ್ಮೂರ ಡೇರಿ ಮುಂದೆ ಆರು ಸಾವಿರಕ್ಕೆ ಮಾರುತ್ತಿದ್ದಾರೆ.

ಈಗೀಗ ಎಐ ಬಂದಿದೆಯಲ್ಲ ಅಂತ ನೀವು ಕೇಳಬಹುದು. ಹೌದು, 2024ರಲ್ಲಿ ಸ್ಟ್ಯಾನ್‌ಫರ್ಡಿನವರು 1,052 ಜನರನ್ನು ಎರಡೆರಡು ಗಂಟೆ ಮಾತಾಡಿಸಿ, ಆ ಮಾತಿನಿಂದ ಒಬ್ಬೊಬ್ಬರಿಗೂ ಒಂದು ನಕಲು ಮಾಡಿದರು. ಎರಡು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಮನುಷ್ಯ ತನ್ನ ಹಳೇ ಉತ್ತರವನ್ನು ಎಷ್ಟರಮಟ್ಟಿಗೆ ಮತ್ತೆ ಹೇಳುತ್ತಾನೋ, ನಕಲು ಅದರ ಶೇಕಡಾ 85ರಷ್ಟು ಹೊಂದಿಸಿತು. ದೊಡ್ಡ ವಿಷಯವೇ. ಆದರೆ ಅದು ಸಮೀಕ್ಷೆಯ ಪ್ರಶ್ನೆಗೆ ಕೊಟ್ಟ ಉತ್ತರ. ಬೋರ್‌ವೆಲ್ಲಿನಲ್ಲಿ ನೀರು ನಿಂತ ದಿನ ಅದೇ ಮನುಷ್ಯ ಏನು ಮಾಡುತ್ತಾನೆ ಅನ್ನೋದು ಅಲ್ಲ. ಮತ್ತೆ, ನಿಮ್ಮ ಮನೆಗೆ ಬಂದು ಎರಡು ಗಂಟೆ ಯಾರೂ ಮಾತಾಡಿಸಿಲ್ಲ ಅಲ್ವಾ.

ಹಾಗಾದರೆ ದುಡ್ಡು ಕಟ್ಟೋದಾ ಬೇಡವಾ.

ಕಟ್ಟಿ, ಹೇಳಿದ ಹಾಗೇ ನಾಲ್ಕೂ ಎಕರೆಗೆ ನಾಟಿ ಮಾಡೋದು ಅಂದರೆ ನಾನು ಬೇಡ ಅನ್ನುತ್ತೇನೆ. ತಪ್ಪಿದರೆ ಹೋಗೋದು ಆರು ಸಾವಿರ ಅಲ್ಲ, ಸಸಿ, ಮಲ್ಚಿಂಗ್ ಪೇಪರ್, ಕಡ್ಡಿ, ದಾರ, ಔಷಧಿ, ಕೂಲಿ ಎಲ್ಲಾ ಸೇರಿ ಲಕ್ಷಗಟ್ಟಲೆ. ಅವರ ಕಡೆಯಿಂದ ಹೋಗೋದು ಏನೂ ಇಲ್ಲ. ಕಟ್ಟಿ, ಅದನ್ನೂ ಹತ್ತು ಮಾತಿನಲ್ಲಿ ಒಂದು ಅಂತ ಕೇಳಿಸಿಕೊಳ್ಳೋದು ಎರಡನೇ ದಾರಿ. ಓದಿದವರು ಜಾಸ್ತಿ ಆರಿಸಿಕೊಳ್ಳೋದು ಇದನ್ನೇ. ಅದರ ಅಪಾಯ ಬೇರೆ ಥರದ್ದು. ಪರದೆ ಮೇಲೆ '873 ರೂಪಾಯಿ' ಅಂತ ಅಂಕಿ ಕಂಡರೆ ನಮ್ಮ ಮನಸ್ಸು ಅದಕ್ಕೇ ಅಂಟಿಕೊಳ್ಳುತ್ತದೆ, ಉಳಿದ ಒಂಬತ್ತು ಮಾತು ಕಿವಿಗೆ ಬೀಳಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನಗೇ ಹಾಗೆ ಆಗುತ್ತದೆ.

ಕಟ್ಟಲೇಬೇಕು ಅನ್ನಿಸಿದರೆ ಮೊದಲು ಒಂದು ಕೇಳಿ. ಹೋದ ಮೂರು ಸೀಸನ್ನಿಗೆ ನೀವು ಯಾವ ತಾರೀಖಿನಂದು ಏನು ರೇಟು ಹೇಳಿದ್ದಿರಿ, ಆಮೇಲೆ ಎಷ್ಟಾಯಿತು, ಬರೆದುಕೊಡಿ. ಸರಿಯಾಗಿದ್ದು ಮಾತ್ರ ಅಲ್ಲ, ಎಲ್ಲವೂ. ಆಮೇಲೆ ಅದನ್ನು 'ಹೋದ ವರ್ಷ ಇದೇ ವಾರದ ರೇಟೇ ಈ ವರ್ಷವೂ' ಅನ್ನೋ ದಡ್ಡ ಲೆಕ್ಕದ ಜೊತೆ ಇಟ್ಟು ನೋಡಿ. ದಡ್ಡ ಲೆಕ್ಕವನ್ನು ಸೋಲಿಸಲಾಗದ ಬುದ್ಧಿವಂತ ಲೆಕ್ಕಕ್ಕೆ ದುಡ್ಡು ಯಾಕೆ? ನಮ್ಮಲ್ಲಿ ಯಾವ ಮಾಡೆಲ್ ಬಂದರೂ ನಾವು ಮಾಡುವ ಮೊದಲ ಪರೀಕ್ಷೆ ಇದೇ. ಹಾಗೇ ಅವರು ಒಂದೇ ಅಂಕಿ ಹೇಳುತ್ತಾರಾ, ಇಷ್ಟರಿಂದ ಇಷ್ಟರವರೆಗೆ ಅಂತ ಹೇಳುತ್ತಾರಾ ನೋಡಿ. ಮೂರು ತಿಂಗಳ ಮುಂದಿನ ಟೊಮೆಟೊ ರೇಟಿಗೆ ಒಂದೇ ಅಂಕಿ ಹೇಳುವವರನ್ನು ಟೀ ಕುಡಿಸಿ ಕಳಿಸಿ.

ಕಟ್ಟದೇ ಇರೋದು ಮೂರನೇ ದಾರಿ. ಅದರಲ್ಲೂ ಅಪಾಯ ಇಲ್ಲದೆ ಇಲ್ಲ, ಪಕ್ಕದವರನ್ನು ನೋಡಿ ನಾಟಿ ಮಾಡುವ ಜೇಡರ ಬಲೆಯಲ್ಲೇ ಉಳಿಯುತ್ತೀರಿ. ಆದರೆ ಅದರಿಂದ ಒಂಚೂರು ಆಚೆ ಬರೋಕೆ ಪುಕ್ಕಟೆ ದಾರಿಗಳಿವೆ. ಅಗ್‌ಮಾರ್ಕ್‌ನೆಟ್ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ಮಂಡಿಗಳ ದಿನದಿನದ ಆವಕ, ರೇಟು ಹಳೆಯದೂ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ನರ್ಸರಿ. ನಿಮ್ಮ ಕಡೆ ಬೇಕಾದಷ್ಟು ಸಸಿ ನರ್ಸರಿಗಳಿವೆ. ಈ ವಾರ ಎಷ್ಟು ಟ್ರೇ ಬುಕ್ ಆಗಿದೆ, ಹೋದ ವರ್ಷ ಈ ಹೊತ್ತಿಗೆ ಎಷ್ಟಾಗಿತ್ತು ಅಂತ ಮೂರು ನಾಲ್ಕು ಕಡೆ ಮಾತಾಡಿಸಿ. ಇವತ್ತು ಟ್ರೇಯಲ್ಲಿರುವ ಸಸಿಯೇ ಎರಡೂವರೆ, ಮೂರು ತಿಂಗಳಿಗೆ ಮಂಡಿಗೆ ಬರುವ ಮಾಲು. ಇದು ಭವಿಷ್ಯ ಅಲ್ಲ, ಆಗಲೇ ಆಗಿಹೋಗಿರುವ ತೀರ್ಮಾನ, ಎಣಿಸಿದರೆ ಸಾಕು. ಹಾಗಂತ ಕಣ್ಣುಮುಚ್ಚಿ ನಂಬಬೇಡಿ. ಎಲೆ ಮುದುಡುವ ರೋಗ ಬಂದರೆ ಅರ್ಧ ಹೊಲದಲ್ಲೇ ಹೋಗುತ್ತದೆ, ನಾಸಿಕ್ ಕಡೆಯ ಟ್ರೇಗಳು ನಿಮಗೆ ಕಾಣಲ್ಲ.

ಒಂದೇ ಸಲ ನಾಲ್ಕು ಎಕರೆ ಹಾಕದೆ, ಇಪ್ಪತ್ತು ದಿನ ಬಿಟ್ಟು ಬಿಟ್ಟು ಎಕರೆ ಎಕರೆ ಹಾಕೋದನ್ನು ನಿಮ್ಮ ಅಪ್ಪ ಆಗಲೇ ಮಾಡುತ್ತಿರಬಹುದು. ಬಾಕ್ಸು 2,000 ಆದಾಗ ಇದರಲ್ಲಿ ಕಾಲು ಭಾಗ ಮಾತ್ರ ಸಿಗುತ್ತದೆ, ಹೊಟ್ಟೆ ಉರಿಯುತ್ತದೆ. ಬಿದ್ದಾಗಲೂ ಕಾಲು ಭಾಗವೇ ಹೋಗೋದು. ಮುಂದೇನು ಅಂತ ಗೊತ್ತಿಲ್ಲದೆಯೇ ಬದುಕುವ ಲೆಕ್ಕ ಇದು. ನೀರು ಒಂದೇ ಬೋರಿನದು ಅಂದಿರಲ್ಲ, ನಿಮಗೆ ಹೇಗೂ ಇದೇ ಸರಿಹೋಗುತ್ತದೆ.

ಕಾಗದಗಳ ವಿಷಯ. ಇಲ್ಲಿ ನಾನು ಖಡಕ್ಕಾಗಿಯೇ ಹೇಳುತ್ತೇನೆ. ಪಹಣಿ, ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಯಾರಿಗಾದರೂ ಕಾಣುತ್ತದೆ. ರೇಟು ಹೇಳೋಕೆ ಪಾಸ್‌ಬುಕ್ ಯಾಕೆ ಬೇಕು? ಆಧಾರ್ ಯಾಕೆ ಬೇಕು? ಹೆಸರಿಲ್ಲದ ಗೊಂಬೆಗಳಿಂದ ಜಿಲ್ಲೆ ಕಟ್ಟೋಕೆ ನಿಮ್ಮ ಖಾತೆಯ ಲೆಕ್ಕ ಬೇಕಿಲ್ಲ, ಆದರೂ ಬೇಕು ಅಂದರೆ, ಅವರ ವ್ಯಾಪಾರ ರೇಟು ಹೇಳೋದಲ್ಲದೆ ಬೇರೆ ಏನೋ ಇರಬಹುದು ಅಂತ ಅನುಮಾನ ಪಡೋದು ತಪ್ಪಲ್ಲ. ಯಾರ ಹತ್ತಿರ ಎಷ್ಟು ಸಾಲ, ಯಾರು ಯಾವಾಗ ಕಷ್ಟದಲ್ಲಿರುತ್ತಾರೆ ಅನ್ನೋದು ಬಡ್ಡಿಗೆ ಕೊಡುವವರಿಗೂ, ಔಷಧಿ ಮಾರುವವರಿಗೂ, ಮಾಲು ಕೊಳ್ಳುವವರಿಗೂ ಬೆಲೆ ಬಾಳುವ ಸುದ್ದಿ. ನೀವು ಎಷ್ಟಕ್ಕೆ ಮಾರೋಕೆ ಒಪ್ಪುತ್ತೀರಿ ಅಂತ ಎದುರಿನವನಿಗೆ ಮೊದಲೇ ಗೊತ್ತಿದ್ದರೆ ಹರಾಜು ಯಾಕೆ?

ಲೆಕ್ಕ ತಪ್ಪಿದರೆ ಕೆಟ್ಟದ್ದು. ತಪ್ಪು ಲೆಕ್ಕವನ್ನೇ ಜನರ ಹಣೆಗೆ ಅಂಟಿಸಿದರೆ ಇನ್ನೂ ಕೆಟ್ಟದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಆರೈಕೆಗೆ ಕೊಡುವ ಸರ್ಕಾರಿ ಸಹಾಯಧನದಲ್ಲಿ ಯಾರು ಮೋಸ ಮಾಡಬಹುದು ಅಂತ ಕಂಪ್ಯೂಟರ್ ಅಂಕ ಕೊಡುತ್ತಿತ್ತು. ಡಚ್ ಪೌರತ್ವ ಇಲ್ಲದವರಿಗೆ ಅನುಮಾನದ ಅಂಕ ಜಾಸ್ತಿ. ಸಾವಿರಾರು ಕುಟುಂಬಗಳಿಗೆ ಪಡೆದ ದುಡ್ಡೆಲ್ಲ ವಾಪಸ್ ಕಟ್ಟಿ ಅಂತ ನೋಟಿಸು ಹೋಯಿತು, ಮನೆ ಮುರಿದವು, ಸಾಲದಲ್ಲಿ ಮುಳುಗಿದರು. ತಪ್ಪು ಬಯಲಾಗಿ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅಲ್ಲಿ ಕಂಪ್ಯೂಟರ್ ಯಾರ ಭವಿಷ್ಯವನ್ನೂ ಕಂಡಿರಲಿಲ್ಲ. ಕಂಡಿದೆ ಅಂತ ಅಧಿಕಾರಿಗಳು ನಡೆದುಕೊಂಡರು.

ಆಪ್ ಆಗಲೇ ಹಾಕಿದ್ದರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎಸ್‌ಎಂಎಸ್, ಕಾಂಟ್ಯಾಕ್ಟ್ಸ್, ಲೊಕೇಶನ್ ಪರ್ಮಿಷನ್ ತೆಗೆಯಿರಿ. ಎಸ್‌ಎಂಎಸ್ ಮುಖ್ಯ, ಬ್ಯಾಂಕಿನ ಒಟಿಪಿ ಬರೋದು ಅಲ್ಲಿಗೇ. ಆಧಾರ್ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. 2023ರಲ್ಲಿ ಆದ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾನೂನಿನಲ್ಲಿ, ಮಾಹಿತಿ ಯಾವ ಕೆಲಸಕ್ಕೆ ಅಂತ ಬಿಡಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು ಅಂತ ಇದೆ. ಅದನ್ನು ಅವರ ಮುಂದೆ ಒಂದು ಸಲ ಹೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ.

ಎಲೆಕ್ಷನ್ ಮಾತು ಬಿಡಿ. ನಾಲ್ಕು ನೂರು ಓಟಿನ ವಾರ್ಡಿನಲ್ಲಿ ಹಿಂದಿನ ರಾತ್ರಿ ಏನೇನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗೊಂಬೆಗಳಿಗೆ ಅದನ್ನು ಕಲಿಸಿದವರು ಇನ್ನೂ ಯಾರೂ ಇಲ್ಲ.

ರಾತ್ರಿ ತಲೆ ಕೆಡಿಸುವ ಪ್ರಶ್ನೆ ಉಳಿಯಿತು. ಸಾವಿರ ಜನ ಏನು ಮಾಡುತ್ತಾರೆ ಅಂತ ಒಂದು ಮಟ್ಟಿಗೆ ಹೇಳಬಹುದು. ಯುಗಾದಿಗೆ ಊರಿಗೆ ಹೋಗುವ ಬಸ್ಸು ತುಂಬುತ್ತದೆ ಅಂತ ಹೇಳೋಕೆ ನನಗೆ ಸೂಪರ್‌ಕಂಪ್ಯೂಟರ್ ಬೇಡ. ಆ ಬಸ್ಸಿನಲ್ಲಿ ನಿಮ್ಮೂರಿನ ಇಂಥ ಹುಡುಗ ಇರುತ್ತಾನಾ, ಅಥವಾ ಅಪ್ಪನ ಜೊತೆ ಜಗಳ ಆಡಿಕೊಂಡು ಬೆಂಗಳೂರಿನಲ್ಲೇ ಉಳಿಯುತ್ತಾನಾ ಅಂತ ಹೇಳೋಕೆ ಯಾವ ಕಂಪ್ಯೂಟರಿನಿಂದಲೂ ಆಗಲ್ಲ. ನಾನು ಇಪ್ಪತ್ತು ವರ್ಷ ಗೊಂಬೆ ಓಡಿಸಿದ್ದೇನೆ, ನನ್ನ ಮಗಳು ಪಿಯುಸಿಯಲ್ಲಿ ಯಾವ ವಿಷಯ ತಗೊಳ್ಳುತ್ತಾಳೆ ಅಂತ ಹೇಳಿದ್ದು ಪೂರ್ತಿ ತಪ್ಪಾಯಿತು.

ಕೊನೆಗೆ ಆ ಟ್ರಂಕು. ನಿಮ್ಮ ಪ್ರಶ್ನೆಯಲ್ಲಿ ನನಗೆ ಆಸೆ ಹುಟ್ಟಿಸಿದ್ದು ಅದೇ. 2009ರಿಂದ ಇರುವ ಮಂಡಿ ಚೀಟಿ ಅಂದರೆ ತಾರೀಖು, ಬಾಕ್ಸು ಎಷ್ಟು, ರೇಟು ಎಷ್ಟು, ಕಮಿಷನ್, ಬಾಡಿಗೆ, ಕೈಗೆ ಬಂದಿದ್ದು ಎಷ್ಟು, ಎಲ್ಲಾ ಇರುತ್ತದೆ. ಸರ್ಕಾರಿ ಅಂಕಿಯಲ್ಲಿ ಕೈಗೆ ಬಂದಿದ್ದು ಇರಲ್ಲ. ಭಾನುವಾರ ಭಾನುವಾರ ಕೂತು ಫೋನಿನಲ್ಲೇ ಒಂದು ಶೀಟ್ ಮಾಡಿ ತುಂಬಿಸಿ. ಚೀಟಿ ಮಾಸಿದ್ದರೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ವರ್ಷ ಆಲಿಕಲ್ಲು ಬಿತ್ತು, ಯಾವ ವರ್ಷ ಹಣ್ಣು ರಸ್ತೆಗೆ ಸುರಿದು ಬಂದರು ಅಂತ ಅವರಿಗೆ ನೆನಪಿರುತ್ತದೆ, ಅದನ್ನೂ ಪಕ್ಕದ ಕಾಲಂನಲ್ಲಿ ಬರೆಯಿರಿ. ಯಾವ ತಿಂಗಳ ನಾಟಿಗೆ ನಿಮ್ಮ ಜಮೀನಿನಲ್ಲಿ, ಖರ್ಚು ಕಳೆದು, ಎಷ್ಟು ಸಲ ನಷ್ಟ ಆಗಿದೆ ಅಂತ ಎಣಿಸಿ. ಎಲ್ಲಾ ತುಂಬಿದ ಮೇಲೆ ಏನಾದರೂ ಗೊತ್ತಾಗದಿದ್ದರೆ ಮತ್ತೆ ಬರೆಯಿರಿ, ಕೂತು ನೋಡೋಣ. ಆ ಹುಡುಗರು ಮತ್ತೆ ಊರಿಗೆ ಬಂದರೆ ಟ್ರಂಕಿನ ಸುದ್ದಿ ಮಾತ್ರ ಎತ್ತಬೇಡಿ.